ಪೆಟ್ ಸ್ಕ್ಯಾನ್ ಅಂದರೆ ಯಾವ ಪೆಟ್? ಪಿಎಸ್‌ಎ ಮತ್ತೆ ಏರಿದ ಮೇಲಿನ ನನ್ನ ಹತ್ತು ತಿಂಗಳು

2024ರ ಅಕ್ಟೋಬರ್‌ನಲ್ಲಿ ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಬರೆದಿದ್ದದ್ದು ಎರಡೇ ಪದ: ಪೆಟ್ ಸಿಟಿ. ನನ್ನ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತೆ ಎಲ್ಲಿ ಬಂದಿದೆ ಅಂತ ಹುಡುಕುವ ಸ್ಕ್ಯಾನ್ ಅದು. ಯಾವ ಔಷಧಿ ಹಾಕಿ ಮಾಡುವ ಪೆಟ್ ಅಂತ ಅದರಲ್ಲಿ ಇರಲಿಲ್ಲ. ಹಾಗೆ ಕೇಳಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ. ಆ ಒಂದು ಪದ ಬಿಟ್ಟುಹೋದದ್ದಕ್ಕೆ ನನಗೆ ಹದಿಮೂರೂವರೆ ಸಾವಿರ ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ, ಮೂರು ತಿಂಗಳೂ ಹೋಯಿತು. ಇದೇ ದಾರಿಯಲ್ಲಿ ಬರುವವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ.

ನನಗೆ ಈಗ 67 ವರ್ಷ. ಸಾಗರದ ಹತ್ತಿರದ ಹಳ್ಳಿ. ಮೂರು ಎಕರೆ ಅಡಿಕೆ ತೋಟ ಇದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡೆ. ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರಿನದು ಅಂತ ಹೇಳುವ ಅಂಕ) 4+3 ಬಂದಿತ್ತು. ಆಪರೇಷನ್ ಆದ ಮೇಲೆ ಪ್ರತಿ ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್) ನೋಡಿಸುತ್ತಿದ್ದೆ. ಎರಡೂವರೆ ವರ್ಷ '0.01ಕ್ಕಿಂತ ಕಡಿಮೆ' ಅಂತಲೇ ಬರುತ್ತಿತ್ತು. ರಿಪೋರ್ಟ್ ಬಂದ ದಿನ ಮನೆಯಲ್ಲಿ ಪಾಯಸ ಮಾಡುವುದು ರೂಢಿಯಾಗಿತ್ತು.

2024ರ ಮಾರ್ಚ್‌ನಲ್ಲಿ 0.07 ಬಂತು. ಸಣ್ಣ ಸಂಖ್ಯೆ ಅಂತ ಸುಮ್ಮನಾದೆವು. ಸೆಪ್ಟೆಂಬರ್‌ನಲ್ಲಿ 0.21. ಅವತ್ತು ಪಾಯಸ ಆಗಲಿಲ್ಲ. ನನ್ನ ಹೆಂಡತಿ ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. "ಚುಕ್ಕಿ ಸರಿಯಾದ ಜಾಗದಲ್ಲೇ ಇದೆಯೇನ್ರೀ?" ಅಂತ ಕೇಳಿದಳು. ಸರಿಯಾದ ಜಾಗದಲ್ಲೇ ಇತ್ತು.

ಇಲ್ಲಿ ಒಂದು ಮಾತು. ಗ್ರಂಥಿ ಇರುವವರಿಗೆ ಪಿಎಸ್‌ಎ 2, 3 ಇದ್ದರೂ ಅಷ್ಟು ಗಾಬರಿ ಇರುವುದಿಲ್ಲ. ಗ್ರಂಥಿ ತೆಗೆಸಿಕೊಂಡವರ ಲೆಕ್ಕ ಬೇರೆ. ಅದು ಸೊನ್ನೆಯ ಹತ್ತಿರವೇ ಇರಬೇಕು. 0.2 ಮುಟ್ಟಿ, ಮತ್ತೊಮ್ಮೆ ನೋಡಿದಾಗಲೂ ಅಷ್ಟೇ ಅಥವಾ ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸಿದೆ ಅಂತ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಆಪರೇಷನ್ ಬದಲು ರೇಡಿಯೇಷನ್ ತೆಗೆದುಕೊಂಡವರಿಗೆ ಇನ್ನೊಂದು ಲೆಕ್ಕ: ಪಿಎಸ್‌ಎ ಇಳಿದ ಅತಿ ಕಡಿಮೆ ಸಂಖ್ಯೆಯ ಮೇಲೆ 2 ಏರಬೇಕು. ಪಕ್ಕದ ಮನೆಯವರ ಸಂಖ್ಯೆಗೆ ನಿಮ್ಮದನ್ನು ಹೋಲಿಸಬೇಡಿ. ಇನ್ನೊಂದು, ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ರಕ್ತ ಕೊಡಿ. ಲ್ಯಾಬಿನಿಂದ ಲ್ಯಾಬಿಗೆ ಯಂತ್ರ ಬೇರೆ ಇರುತ್ತದೆ. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಆ ವ್ಯತ್ಯಾಸವೇ ದಾರಿ ತಪ್ಪಿಸುತ್ತದೆ.

ಮೂರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಕೊಟ್ಟೆ. 0.23 ಬಂತು. ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡಿದೆ. ಅವರು ಯಾವುದೋ ಆಪರೇಷನ್ ನಡುವೆ ಇದ್ದರು ಅಂತ ಕಾಣುತ್ತದೆ. "ಪೆಟ್ ಮಾಡಿಸಿಕೊಂಡು ಬನ್ನಿ" ಅಂದು ಇಟ್ಟರು. ಊರಿನ ಡಾಕ್ಟರ ಹತ್ತಿರ ಹೋಗಿ ಅದನ್ನೇ ಹೇಳಿದೆ. ಅವರು ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಬೆಂಗಳೂರಿಗಿಂತ ಹತ್ತಿರದ ಊರಿನಲ್ಲಿ ಒಂದು ಸ್ಕ್ಯಾನ್ ಸೆಂಟರ್ ಇತ್ತು. ಮರುದಿನಕ್ಕೇ ಟೈಮ್ ಸಿಕ್ಕಿತು. ಬೇಗ ಸಿಕ್ಕಿತಲ್ಲ ಅಂತ ಖುಷಿಯೇ ಆಯಿತು.

ಆರು ಗಂಟೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋದೆ. ಬೆರಳಿಗೆ ಚುಚ್ಚಿ ಸಕ್ಕರೆ ಅಂಶ ನೋಡಿದರು. ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಮಲಗಿಸಿ ಸ್ಕ್ಯಾನ್ ಮಾಡಿದರು. ಮರುದಿನ ಸಂಜೆ ರಿಪೋರ್ಟ್ ಬಂತು. ಎಲ್ಲೂ ಏನೂ ಕಾಣಿಸಿಲ್ಲ ಅನ್ನುವ ಸಾಲನ್ನು ಮಗಳು ಫೋನಿನಲ್ಲಿ ಓದಿ ಹೇಳಿದಳು. ನನ್ನ ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅಷ್ಟರಲ್ಲಿ ಅಡಿಕೆ ಕೊಯ್ಲಿನ ಹೊತ್ತು ಬಂದಿತ್ತು. ಕೊನೆ (ಅಡಿಕೆ ಗೊನೆ) ತೆಗೆಯುವವರು ಸಿಗುವುದೇ ಕಷ್ಟ, ಸಿಕ್ಕ ದಿನ ಬಿಡಲು ಆಗುವುದಿಲ್ಲ. ಏನೂ ಇಲ್ಲ ಅಂತ ಬಂದಿದೆಯಲ್ಲ, ಕೊಯ್ಲು ಮುಗಿಸಿಕೊಂಡು ಹೋದರಾಯಿತು ಅಂದುಕೊಂಡೆ. ನವೆಂಬರ್, ಡಿಸೆಂಬರ್, ಜನವರಿ, ಮೂರು ತಿಂಗಳು ಚಪ್ಪರದ ಮೇಲೆ ಅಡಿಕೆ ಒಣಗಿಸುವುದರಲ್ಲಿ ಕಳೆಯಿತು. ನಾನು ನಿರಾಳವಾಗಿದ್ದೆ. ನೆನೆಸಿಕೊಂಡರೆ ಈಗಲೂ ಎದೆ ಹಿಂಡುತ್ತದೆ.

ಜನವರಿ ಕೊನೆಯಲ್ಲಿ ಪಿಎಸ್‌ಎ 0.44 ಆಗಿತ್ತು. ಸೆಪ್ಟೆಂಬರಿನ ಸಂಖ್ಯೆಯ ಎರಡರಷ್ಟು.

ರಾತ್ರಿ ರೈಲು ಹತ್ತಿ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದೆವು. ಮಗಳ ಮನೆಯಲ್ಲಿ ಸ್ನಾನ, ತಿಂಡಿ ಮುಗಿಸಿ ಸರ್ಜನ್ ಹತ್ತಿರ ಹೋದೆವು. ಅವರು ರಿಪೋರ್ಟಿನ ಮೇಲಿನ ಸಾಲು ನೋಡಿದವರೇ ಕನ್ನಡಕ ತೆಗೆದರು. "ಇದು ಎಫ್‌ಡಿಜಿ. ನಿಮಗೆ ಬೇಕಾಗಿದ್ದದ್ದು ಪಿಎಸ್‌ಎಂಎ. ಇದರಲ್ಲಿ ಕಾಣಿಸಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ ಸರ್" ಅಂದರು. ಫೋನಿನಲ್ಲಿ ಪೂರ್ತಿ ಹೆಸರು ಹೇಳದೆ ಇದ್ದದ್ದು ತಪ್ಪಾಯಿತು ಅಂತ ಅವರೇ ಹೇಳಿದರು. ನನಗೆ ಸಿಟ್ಟು ಬಂತು. ಆದರೆ ಮಾತು ಬರಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡಳು.

ಹಾಗಾದರೆ ಏನು ವ್ಯತ್ಯಾಸ? ಇದನ್ನು ನನಗೆ ಬಿಡಿಸಿ ಹೇಳಿದವರು ಸ್ಕ್ಯಾನ್ ವಿಭಾಗದ ಡಾಕ್ಟರಮ್ಮ. ಅವರು ಇಪ್ಪತ್ತು ನಿಮಿಷ ಕೂತು ಮಾತಾಡಿದರು. ನಾನು ಅರ್ಥ ಮಾಡಿಕೊಂಡಷ್ಟನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಪೆಟ್ ಯಂತ್ರ ತಾನಾಗಿ ಕ್ಯಾನ್ಸರ್ ನೋಡುವುದಿಲ್ಲ. ನಮ್ಮ ರಕ್ತಕ್ಕೆ ಹಾಕುವ ವಿಕಿರಣದ ಔಷಧಿ ಎಲ್ಲಿ ಹೋಗಿ ಸೇರಿಕೊಂಡಿದೆ ಅನ್ನುವುದನ್ನು ಮಾತ್ರ ತೋರಿಸುತ್ತದೆ. ಅದಕ್ಕೆ ಟ್ರೇಸರ್ ಅನ್ನುತ್ತಾರೆ. ಯಂತ್ರ ಒಂದೇ, ಟ್ರೇಸರ್ ಬೇರೆ ಬೇರೆ. ನಮ್ಮ ಅಡಿಗೆಮನೆಯಲ್ಲಿ ಬೆಲ್ಲಕ್ಕೆ ಬರುವ ಇರುವೆಯೇ ಬೇರೆ, ಕೊಬ್ಬರಿಗೆ ಬರುವ ಇರುವೆಯೇ ಬೇರೆ ಅಲ್ವಾ? ಬೆಲ್ಲ ಇಟ್ಟು ಕಾದು ಇರುವೆಯೇ ಇಲ್ಲ ಅಂತ ಹೇಳಲು ಆಗುವುದಿಲ್ಲ. ಎಫ್‌ಡಿಜಿ ಅನ್ನುವುದು ಬೆಲ್ಲದ ಹಾಗೆ, ಅದು ಸಕ್ಕರೆಯ ಒಂದು ರೂಪ. ಎಷ್ಟೋ ಬಗೆಯ ಕ್ಯಾನ್ಸರ್‌ಗಳು ಸಕ್ಕರೆಯನ್ನು ಜೋರಾಗಿ ಎಳೆದುಕೊಳ್ಳುತ್ತವೆ, ಅವುಗಳಿಗೆ ಅದು ಒಳ್ಳೆಯ ಪರೀಕ್ಷೆ. ಪ್ರಾಸ್ಟೇಟಿನದು ಸಾಮಾನ್ಯವಾಗಿ ನಿಧಾನದ ಕಾಯಿಲೆ. ಅಷ್ಟು ಸಕ್ಕರೆ ಎಳೆಯುವುದಿಲ್ಲ. ಕಾಯಿಲೆ ತುಂಬಾ ಬಲಿತು ಸ್ವಭಾವ ಬದಲಾಯಿಸಿದಾಗ ಎಫ್‌ಡಿಜಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ನನ್ನಂಥ 0.23ರವನಿಗೆ ಅಲ್ಲ.

ಅದಕ್ಕೇ ಬೇರೆ ಬೇರೆ ಟ್ರೇಸರ್ ಹುಡುಕಿದರಂತೆ. ಮೊದಲು ಕೋಲೀನ್ ಬಂತು. ಜೀವಕೋಶ ತನ್ನ ಹೊರಪದರ ಕಟ್ಟಿಕೊಳ್ಳಲು ಬಳಸುವ ವಸ್ತು ಅದು. ಅಮೆರಿಕದಲ್ಲಿ 2012ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಅದರಲ್ಲಿರುವ ವಿಕಿರಣದ ಅಂಶ ಕಾರ್ಬನ್-11 ಇಪ್ಪತ್ತೇ ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ, ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಆಸ್ಪತ್ರೆಯಲ್ಲೇ ಅಥವಾ ತೀರಾ ಹತ್ತಿರದಲ್ಲಿ ಇರಬೇಕು. ಆಮೇಲೆ ಫ್ಲುಸಿಕ್ಲೋವಿನ್, 2016ರಲ್ಲಿ. ಇದು ಅಮೈನೋ ಆಮ್ಲದ ಜಾತಿಯದು. ಇವೆರಡಕ್ಕಿಂತ ಮುಂದೆ ಹೋದದ್ದು ಪಿಎಸ್‌ಎಂಎ. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳ ಮೈಮೇಲೆ ಆ ಹೆಸರಿನ ಒಂದು ಪ್ರೋಟೀನ್ ದಟ್ಟವಾಗಿ ಇರುತ್ತದೆ. ಟ್ರೇಸರ್ ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ. ತೋಟದ ಬೇಲಿ ದಾಟುವಾಗ ಉತ್ತರಾಣಿ ಬೀಜ ಪಂಚೆಗೆ ಹಿಡಿದುಕೊಳ್ಳುತ್ತದಲ್ಲ, ನನಗೆ ಅದೇ ನೆನಪಾಯಿತು.

ಎಷ್ಟು ವ್ಯತ್ಯಾಸ ಅಂತ ಮಗಳು ಕೇಳಿದಳು. ಡಾಕ್ಟರಮ್ಮ ಎರಡು ಅಧ್ಯಯನ ಹೇಳಿದರು. ಎರಡೂ 2019ರಲ್ಲಿ ಪ್ರಕಟವಾದದ್ದು. ಮೊದಲನೆಯದು ಲಾಸ್ ಏಂಜಲೀಸ್‌ನಲ್ಲಿ ಮಾಡಿದ್ದು. ಆಪರೇಷನ್ ನಂತರ ಪಿಎಸ್‌ಎ 0.2ರಿಂದ 2ರ ಒಳಗೆ ಏರಿದ್ದ 50 ಜನರಿಗೆ ಎರಡೂ ಸ್ಕ್ಯಾನ್ ಮಾಡಿ ನೋಡಿದರು. ಫ್ಲುಸಿಕ್ಲೋವಿನ್‌ನಲ್ಲಿ ನೂರಕ್ಕೆ 26 ಜನರಲ್ಲಿ ಕಾಯಿಲೆ ಕಂಡಿತು, ಪಿಎಸ್‌ಎಂಎಯಲ್ಲಿ ನೂರಕ್ಕೆ 56 ಜನರಲ್ಲಿ. ಇನ್ನೊಂದು 635 ಜನರದು, ಗ್ಯಾಲಿಯಂ ಪಿಎಸ್‌ಎಂಎ ಒಂದರದ್ದೇ. ಪಿಎಸ್‌ಎ 0.5ಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 38 ಜನರಲ್ಲಿ ಜಾಗ ಸಿಕ್ಕಿತು. 0.5ರಿಂದ 1ರ ಒಳಗೆ 57. ಒಂದರಿಂದ ಎರಡರ ಒಳಗೆ 84. ಐದು ದಾಟಿದವರಲ್ಲಿ 97.

ನಾನು ತಕ್ಷಣ ಕೇಳಿದೆ, "ಹಾಗಾದರೆ ಇನ್ನೂ ಸ್ವಲ್ಪ ಏರಲಿ ಅಂತ ಕಾಯಬೇಕಾ?" ಬಹಳ ಜನ ಇದನ್ನೇ ಕೇಳುತ್ತಾರಂತೆ. ಬೇಡ ಅಂದರು. ಆಪರೇಷನ್ ಆದವರಿಗೆ ಮರುಕಳಿಸಿದಾಗ ಕೊಡುವ ರೇಡಿಯೇಷನ್ ಪಿಎಸ್‌ಎ ಕಡಿಮೆ ಇರುವಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಣಲಿ ಅಂತ ಕಾದರೆ ಗುಣವಾಗುವ ಹೊತ್ತು ಕಳೆದುಹೋಗಬಹುದು. ಪಿಎಸ್‌ಎಂಎಯಲ್ಲೂ ಏನೂ ಕಾಣಿಸದಿದ್ದರೆ, ಆಗಲೂ ರೇಡಿಯೇಷನ್ ಬೇಕೋ ಬೇಡವೋ ಅಂತ ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು. ನಾನು ಮಾಡಿದ ಹಾಗೆ 'ಕ್ಲೀನ್ ಬಂತು' ಅಂತ ಕೊಯ್ಲಿಗೆ ಹೋಗಬಾರದು.

ಪಿಎಸ್‌ಎಂಎಯಲ್ಲೂ ಒಂದೇ ಬಗೆ ಇಲ್ಲ. ಇದು ನನಗೆ ಇನ್ನೊಂದು ತಲೆನೋವಾಯಿತು. ಒಂದು ಗ್ಯಾಲಿಯಂ-68 ಹಾಕಿದ್ದು, ಇನ್ನೊಂದು ಫ್ಲೋರಿನ್-18 ಹಾಕಿದ್ದು. ಗ್ಯಾಲಿಯಂ ಅನ್ನು ಆಸ್ಪತ್ರೆಯಲ್ಲೇ ಇಟ್ಟ ಜನರೇಟರ್ ಅನ್ನುವ ಸಣ್ಣ ಪೆಟ್ಟಿಗೆಯಿಂದ 'ಹಾಲು ಕರೆದ ಹಾಗೆ' ಕರೆಯುತ್ತಾರೆ. ಡಾಕ್ಟರಮ್ಮ ಹೇಳಿದ್ದೇ ಹಾಗೆ. ಅದು 68 ನಿಮಿಷಕ್ಕೆ ಅರ್ಧ ಆಗುತ್ತದೆ. ಒಂದು ಸಲ ಕರೆದರೆ ಕೆಲವೇ ಜನರಿಗೆ ಸಾಲುತ್ತದೆ. ಪೆಟ್ಟಿಗೆ ಹಳೆಯದಾದ ಹಾಗೆ ಇಳುವರಿಯೂ ಕಡಿಮೆ. ಫ್ಲೋರಿನ್ ಸೈಕ್ಲೋಟ್ರಾನ್‌ನಲ್ಲಿ ತಯಾರಾಗಿ ಗಾಡಿಯಲ್ಲಿ ಬರುತ್ತದೆ. 110 ನಿಮಿಷಕ್ಕೆ ಅರ್ಧ. ಹಾಗಾಗಿ ಸ್ವಲ್ಪ ದೂರದಿಂದಲೂ ತರಬಹುದು.

ದೇಹದೊಳಗೂ ಅವು ಬೇರೆ ಥರ ನಡೆದುಕೊಳ್ಳುತ್ತವೆ. ಗ್ಯಾಲಿಯಂ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಮೂತ್ರಚೀಲವೇ ಬಲ್ಬಿನ ಹಾಗೆ ಹೊಳೆಯುತ್ತದೆ. ಗ್ರಂಥಿ ತೆಗೆದ ಜಾಗ ಇರುವುದು ಸರಿಯಾಗಿ ಅದರ ಕೆಳಗೆ. ಅಲ್ಲೊಂದು ಸಣ್ಣ ಚುಕ್ಕೆ ಇದ್ದರೆ ಆ ಹೊಳಪಿನಲ್ಲಿ ಮುಚ್ಚಿಹೋಗಬಹುದು. ಫ್ಲೋರಿನ್‌ನಲ್ಲೂ ಎರಡು ಮೂರು ಬಗೆ ಇವೆ. ಅದರಲ್ಲಿ ಪಿಎಸ್‌ಎಂಎ-1007 ಅನ್ನುವುದು ಹೆಚ್ಚಾಗಿ ಪಿತ್ತಕೋಶ, ಕರುಳಿನ ದಾರಿಯಲ್ಲಿ ಹೋಗುತ್ತದೆ. ಮೂತ್ರಚೀಲ ಅಷ್ಟು ಹೊಳೆಯುವುದಿಲ್ಲ. ಆದರೆ ಅದಕ್ಕೆ ಇನ್ನೊಂದು ದೋಷ ಇದೆ. ಮೂಳೆಗಳಲ್ಲಿ, ಅದರಲ್ಲೂ ಪಕ್ಕೆಲುಬಿನಲ್ಲಿ, ಕಾಯಿಲೆ ಇಲ್ಲದಿದ್ದರೂ ಚುಕ್ಕೆ ತೋರಿಸುತ್ತದೆ. "ಇದು ಒಳ್ಳೆಯದು, ಅದು ಕೆಟ್ಟದ್ದು ಅಂತ ಇಲ್ಲ. ಓದುವವರಿಗೆ ಯಾವುದು ಹಾಕಿದ್ದು, ಅದರ ಚಾಳಿ ಏನು ಅಂತ ಗೊತ್ತಿರಬೇಕು" ಅಂದರು. ಆ ಮಾತು ನನ್ನ ಪಾಲಿಗೆ ಒಂದೇ ವಾರದಲ್ಲಿ ಎದುರಿಗೆ ಬಂದು ನಿಂತಿತು.

ಗ್ಯಾಲಿಯಂಗೆ ಒಂಬತ್ತು ದಿನ ಬಿಟ್ಟು ಟೈಮ್ ಕೊಟ್ಟರು. 1007 ನಾಲ್ಕು ದಿನದಲ್ಲಿ ಸಿಗುತ್ತಿತ್ತು. ನನ್ನ ಸಂಖ್ಯೆಗೆ ಎರಡೂ ನಡೆಯುತ್ತದೆ ಅಂದದ್ದಕ್ಕೆ ಬೇಗ ಸಿಗುವುದನ್ನೇ ಆರಿಸಿಕೊಂಡೆವು. 23,000 ರೂಪಾಯಿ. ಐದು ಸಾವಿರ ಮುಂಗಡ ಕಟ್ಟಿಸಿಕೊಂಡರು. ಔಷಧಿ ನಮ್ಮ ಹೆಸರಿಗೇ ತರಿಸುವುದರಿಂದ ಕೊನೆ ಗಳಿಗೆಯಲ್ಲಿ ಬರದಿದ್ದರೆ ವಾಪಸ್ ಇಲ್ಲ ಅಂತ ಸಹಿ ಹಾಕಿಸಿಕೊಂಡರು.

ಆ ನಾಲ್ಕು ದಿನದಲ್ಲಿ ಪರಿಚಯದವರೊಬ್ಬರು, "ಸುಮ್ನೆ ಯಾಕೆ ಕಾಯುತ್ತೀರಿ, ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಶುರು ಮಾಡಿಬಿಡಿ, ಪಿಎಸ್‌ಎ ಇಳಿಯುತ್ತದೆ" ಅಂದರು. ಸರ್ಜನ್‌ಗೆ ಕೇಳಿದೆ. ಸ್ಕ್ಯಾನ್ ಆಗುವವರೆಗೆ ಬೇಡವೇ ಬೇಡ ಅಂದರು. ಆ ಇಂಜೆಕ್ಷನ್ ಸ್ಕ್ಯಾನಿನಲ್ಲಿ ಕಾಣುವುದನ್ನೇ ಬದಲಾಯಿಸಬಹುದಂತೆ. ಈಗಾಗಲೇ ತೆಗೆದುಕೊಂಡವರು ಮುಚ್ಚಿಡದೆ ಯಾವ ತಾರೀಖಿನಲ್ಲಿ ತೆಗೆದುಕೊಂಡದ್ದು ಅಂತ ಹೇಳಿ.

ಜೊತೆಗೆ ತೆಗೆದುಕೊಂಡು ಹೋಗಬೇಕಾದ ಕಾಗದಗಳು: ಬಯಾಪ್ಸಿ ರಿಪೋರ್ಟ್, ಆಪರೇಷನ್ ನಂತರದ ಪರೀಕ್ಷೆಯ ರಿಪೋರ್ಟ್, ಡಿಸ್ಚಾರ್ಜ್ ಸಮರಿ, ಎಲ್ಲ ಪಿಎಸ್‌ಎ ಸಂಖ್ಯೆಗಳು ತಾರೀಖಿನ ಜೊತೆ, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಆಧಾರ್. ಹಳೆಯ ಸ್ಕ್ಯಾನಿನ ಸಿಡಿ ಮರೆಯಬೇಡಿ. ಫಿಲ್ಮ್ ಇದ್ದರೆ ಸಾಲದು. ನಮ್ಮ 2021ರ ಸಿಡಿ ಮನೆಯ ಕಪಾಟಿನಲ್ಲೇ ಉಳಿದಿತ್ತು. ತಮ್ಮನ ಮಗ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ.

ಸ್ಕ್ಯಾನ್ ದಿನ ಬೆಳಿಗ್ಗೆ ಎಂಟೂವರೆಗೆ ಬನ್ನಿ ಅಂದಿದ್ದರು. ಹೋದೆವು. ಡೋಸ್ ಬಂದಿರಲಿಲ್ಲ. ಹತ್ತು ಗಂಟೆ, ಹನ್ನೊಂದು ಗಂಟೆ. ತಯಾರಿಕೆಯ ಪರೀಕ್ಷೆಯಲ್ಲಿ ತಡವಾಗಿದೆ, ಇವತ್ತು ಆಗದೆಯೂ ಇರಬಹುದು ಅಂದರು. ಒಟ್ಟು ಆರು ಜನ ಕಾಯುತ್ತಿದ್ದೆವು. ಹಾಸನದ ಕಡೆಯವರೊಬ್ಬರು ಮೂರನೆಯ ಸಲ ಬಂದವರು. ಅವರ ಹೆಂಡತಿ ಚಪಾತಿ, ಶೇಂಗಾ ಚಟ್ನಿ ಪುಡಿ ಬಿಚ್ಚಿ ನಮಗೂ ಕೊಟ್ಟರು. ಪಿಎಸ್‌ಎಂಎಗೆ ಎಫ್‌ಡಿಜಿಯ ಹಾಗೆ ಸಕ್ಕರೆಯ ಲೆಕ್ಕ ಇಲ್ಲದ್ದರಿಂದ ನಮಗೆ ಉಪವಾಸ ಹೇಳಿರಲಿಲ್ಲ, ಚೆನ್ನಾಗಿ ನೀರು ಕುಡಿಯಿರಿ ಅಂದಿದ್ದರು. ಸೆಂಟರಿನಿಂದ ಸೆಂಟರಿಗೆ ನಿಯಮ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ. ಹನ್ನೆರಡೂ ಕಾಲಿಗೆ ಸೀಸದ ಡಬ್ಬಿ ಹಿಡಿದು ಒಬ್ಬ ಹುಡುಗ ಓಡಿಕೊಂಡೇ ಬಂದ. ಎಲ್ಲರೂ ಎದ್ದು ನಿಂತೆವು.

ಇಂಜೆಕ್ಷನ್‌ಗೆ ಮೊದಲು ಒಂದು ಫಾರ್ಮ್ ತುಂಬಬೇಕು. ಅದರಲ್ಲಿ 'ಯಾವಾಗಲಾದರೂ ಮೂಳೆ ಮುರಿದಿದೆಯೇ?' ಅಂತ ಇತ್ತು. ಇಲ್ಲ ಅಂತ ಬರೆದೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಸಿರಿಂಜಿಗೂ ಒಂದು ದಪ್ಪ ಲೋಹದ ಕವಚ ಇತ್ತು. ಚುಚ್ಚಿದ್ದು ಮಾಮೂಲಿ ಇಂಜೆಕ್ಷನ್‌ಗಿಂತ ಜಾಸ್ತಿ ನೋಯಲಿಲ್ಲ. ಆಮೇಲೆ ಒಂದು ಕೋಣೆಯಲ್ಲಿ ಒಬ್ಬನೇ ಕೂರಬೇಕು, ಜೊತೆಯವರನ್ನು ಬಿಡುವುದಿಲ್ಲ. ನನ್ನ ಸ್ಕ್ಯಾನಿಗೆ ಸುಮಾರು ಎರಡು ಗಂಟೆ ಕಾಯಿಸಿದರು. ಗ್ಯಾಲಿಯಂ ಆದರೆ ಒಂದು ಗಂಟೆಯಂತೆ. ಆ ಕೋಣೆಗೆ ಅದರದ್ದೇ ಶೌಚಾಲಯ, ಬಾಗಿಲ ಮೇಲೆ ವಿಕಿರಣದ ಹಳದಿ ಗುರುತು. ಎರಡು ಸಲ ಫ್ಲಶ್ ಮಾಡಿ ಅಂತ ಕನ್ನಡದಲ್ಲಿ ಬರೆದು ಅಂಟಿಸಿದ್ದರು.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಆಪರೇಷನ್ ಆದ ಮೇಲೆ ನಮ್ಮಲ್ಲಿ ಕೆಲವರಿಗೆ ಮೂತ್ರ ತುಸು ಸೋರುತ್ತದೆ. ನಾನು ಈಗಲೂ ಪ್ಯಾಡ್ ಹಾಕುತ್ತೇನೆ. ಹೇಳಲು ನಾಚಿಕೆ ಅನಿಸಿತ್ತು. ನರ್ಸ್ ಹುಡುಗಿ ತಾನಾಗಿಯೇ, "ಅಂಕಲ್, ಪ್ಯಾಡ್ ಇದ್ದರೆ ಮಲಗುವ ಮೊದಲು ಬದಲಾಯಿಸಿ, ಹಳೆಯದನ್ನು ಈ ಬುಟ್ಟಿಗೇ ಹಾಕಿ" ಅಂದಳು. ಸೋರಿದ ಮೂತ್ರದಲ್ಲೂ ಟ್ರೇಸರ್ ಇರುತ್ತದೆ. ಅದು ಬಟ್ಟೆಗೆ ತಾಗಿದ್ದರೆ ಸ್ಕ್ಯಾನಿನಲ್ಲಿ ಕಾಯಿಲೆಯ ಚುಕ್ಕೆಯ ಹಾಗೆ ಕಾಣಬಹುದು. ಎರಡು ಪ್ಯಾಡ್, ಒಂದು ಜೊತೆ ಒಳಬಟ್ಟೆ ಚೀಲದಲ್ಲಿ ಇಟ್ಟುಕೊಂಡೇ ಹೋಗಿ. ಯಂತ್ರದ ಮೇಲೆ ಹತ್ತುವ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ.

ಸ್ಕ್ಯಾನ್ ಇಪ್ಪತ್ತೈದು ನಿಮಿಷ. ಕೈ ತಲೆಯ ಮೇಲೆ ಇಟ್ಟುಕೊಂಡು ಅಲ್ಲಾಡದೆ ಮಲಗಬೇಕು. ಭುಜ ಹಿಡಿದುಕೊಂಡಿತು, ಅಷ್ಟೇ.

ಕಷ್ಟ ಆದದ್ದು ಆಮೇಲೆ. ಅವತ್ತು ರಾತ್ರಿವರೆಗೆ ಚಿಕ್ಕ ಮಕ್ಕಳು, ಬಸುರಿಯರಿಂದ ದೂರ ಇರಿ ಅಂದಿದ್ದರು. ಮಗಳ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು. ನಾನು ಗೇಟು ತೆಗೆದ ಸದ್ದಿಗೇ "ಅಜ್ಜಾ" ಅಂತ ಓಡಿ ಬಂದಳು. ಅಳಿಯ ಅವಳನ್ನು ಎತ್ತಿಕೊಂಡು ಒಳಗೆ ಹೋದರು. ಅವಳು ಅಳುವುದು ಕೇಳುತ್ತಿತ್ತು. ನಾನು ಮಹಡಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಮನೆಯಲ್ಲಿ ಮಕ್ಕಳಿದ್ದರೆ ಅವತ್ತಿನ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ.

ಎರಡು ದಿನಕ್ಕೆ ರಿಪೋರ್ಟ್ ಬಂತು. ಕಿಬ್ಬೊಟ್ಟೆಯ ಒಳಗೆ ಬಲಗಡೆ, ದೊಡ್ಡ ರಕ್ತನಾಳದ ಪಕ್ಕ, 6 ಮಿಲಿಮೀಟರಿನ ಒಂದು ದುಗ್ಧ ಗ್ರಂಥಿ (ಲಿಂಫ್ ನೋಡ್) ಹೊಳೆಯುತ್ತಿದೆ. ಬರೀ ಸಿಟಿಯಲ್ಲಿ ನೋಡಿದ್ದರೆ ಅಷ್ಟು ಸಣ್ಣದನ್ನು ಮಾಮೂಲಿ ಅಂತ ಬಿಟ್ಟುಬಿಡುತ್ತಿದ್ದರಂತೆ. ಅದರ ಕೆಳಗೆ ಇನ್ನೊಂದು ಸಾಲು: ಎಡಗಡೆ ಏಳನೆಯ ಪಕ್ಕೆಲುಬಿನಲ್ಲಿ ಒಂದು ಚುಕ್ಕೆ, ಮೂಳೆಗೆ ಹರಡಿರುವ ಸಾಧ್ಯತೆ ತಳ್ಳಿಹಾಕುವಂತಿಲ್ಲ.

ಮೂಳೆ ಅನ್ನುವ ಪದ ಓದಿ ನನ್ನ ಹೆಂಡತಿ ಅಲ್ಲೇ ಕೂತುಬಿಟ್ಟಳು. ಮೂಳೆಗೆ ಹರಡಿದರೆ ಗುಣ ಮಾಡುವ ಮಾತು ಹೋಗಿ, ಹಿಡಿತದಲ್ಲಿ ಇಡುವ ಮಾತು ಬರುತ್ತದೆ ಅಂತ ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿತ್ತು. ಆ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ತೋಟದ ಪಾಲು, ಸೊಸೈಟಿಯ ಸಾಲ, ಏನೇನೋ ಲೆಕ್ಕ ತಲೆಯಲ್ಲಿ ಬಂತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಮಗಳು, "ಅಪ್ಪ, ಎಡಗಡೆ ಅಂದರೆ ನೀನು ಸಂಕದಿಂದ ಬಿದ್ದಿದ್ದೆಯಲ್ಲ, ಆ ಕಡೆಯೇ ಅಲ್ವಾ?" ಅಂದಳು.

ಹೌದು. 2022ರ ಮಳೆಗಾಲದಲ್ಲಿ ಹಳ್ಳದ ಮೇಲಿನ ಅಡಿಕೆ ಮರದ ಸಂಕ ಜಾರಿ ಕಲ್ಲಿನ ಮೇಲೆ ಬಿದ್ದಿದ್ದೆ. ಒಂದು ತಿಂಗಳು ಎಡಗಡೆ ಮಲಗಲು ಆಗಿರಲಿಲ್ಲ. ಎಕ್ಸ್‌ರೇ ತೆಗೆಸಿರಲಿಲ್ಲ, ಎಣ್ಣೆ ಹಚ್ಚಿ ಶಾಖ ಕೊಟ್ಟು ಸುಮ್ಮನಾಗಿದ್ದೆ. ಹಾಗಾಗಿಯೇ ಫಾರ್ಮಿನಲ್ಲಿ ಮೂಳೆ ಮುರಿದಿಲ್ಲ ಅಂತ ಬರೆದದ್ದು.

ಸಿಡಿ ಹಿಡಿದು ಇನ್ನೊಂದು ಕಡೆ ಅಭಿಪ್ರಾಯ ಕೇಳಲು ಹೋದೆವು. 1,200 ರೂಪಾಯಿ ಫೀಸು. ನನ್ನ ಜೀವನದಲ್ಲಿ ಅಷ್ಟು ಸಾರ್ಥಕವಾಗಿ ಬೇರೆ ಯಾವ ದುಡ್ಡನ್ನೂ ಖರ್ಚು ಮಾಡಿಲ್ಲ. ಅಲ್ಲಿನ ಡಾಕ್ಟರು ಸಂಕದ ಕಥೆ ಕೇಳಿ, ಅದೇ ಜಾಗದ ಸಿಟಿ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದರು. ಪಕ್ಕೆಲುಬಿನ ಆ ಜಾಗದಲ್ಲಿ ಸಣ್ಣ ಉಬ್ಬು ಇತ್ತು. ಮುರಿದು ಕೂಡಿಕೊಂಡ ಗುರುತು. ನಾವು ಕಪಾಟಿನಿಂದ ತರಿಸಿದ 2021ರ ಸಿಟಿಯಲ್ಲಿ ಆ ಉಬ್ಬು ಇರಲಿಲ್ಲ. ಕೂಡಿಕೊಂಡ ಮೂಳೆಯೂ ಪಿಎಸ್‌ಎಂಎ ಹಿಡಿಯುತ್ತದೆ, 1007ರಲ್ಲಂತೂ ಪಕ್ಕೆಲುಬಿನ ಇಂಥ ಮಸುಕು ಚುಕ್ಕೆಗಳನ್ನು ಆಗಾಗ ನೋಡುತ್ತೇವೆ ಅಂದರು. ದುಗ್ಧ ಗ್ರಂಥಿ ಮಾತ್ರ ನಿಜವಾದದ್ದು. ಅದು ಗಾಢವಾಗಿ ಹೊಳೆಯುತ್ತಿತ್ತು, ಅದರ ಜಾಗವೂ ಈ ಕಾಯಿಲೆ ಹೋಗುವ ದಾರಿಯಲ್ಲೇ ಇತ್ತು. ಗ್ಯಾಲಿಯಂನಲ್ಲಿ ಮತ್ತೆ ಮಾಡಿಸಬೇಕಾ ಅಂತ ಕೇಳಿದೆ. ಉಬ್ಬು ಇಷ್ಟು ಸ್ಪಷ್ಟ ಇರುವಾಗ ಬೇಡ, ಅನುಮಾನ ಉಳಿದಿದ್ದರೆ ಆ ಮಾತು ಅಂದರು. ನಮ್ಮ ಆಸ್ಪತ್ರೆಯ ಡಾಕ್ಟರುಗಳೂ ಎಲ್ಲ ಸೇರಿ ನೋಡಿ ಅದನ್ನೇ ಒಪ್ಪಿದರು.

ಅದಕ್ಕೇ ಹೇಳುವುದು: ಬಿದ್ದದ್ದು, ಪೆಟ್ಟಾದದ್ದು, ಎಕ್ಸ್‌ರೇ ತೆಗೆಸದೆ ಬಿಟ್ಟದ್ದು, ಎಲ್ಲ ಹೇಳಿ. ರಿಪೋರ್ಟಿನಲ್ಲಿ 'ಮೂಳೆ' ಅಂತ ಕಂಡರೆ ಯಾವ ಟ್ರೇಸರ್ ಅಂತ ಮೊದಲು ನೋಡಿ, ಆಮೇಲೆ ಸಿಟಿಯಲ್ಲಿ ಆ ಜಾಗ ಹೇಗಿದೆ ಅಂತ ಕೇಳಿ.

ಗ್ರಂಥಿ ಇದ್ದ ಜಾಗಕ್ಕೂ ಕಿಬ್ಬೊಟ್ಟೆಯ ದುಗ್ಧ ಗ್ರಂಥಿಗಳಿಗೂ 33 ದಿನ ರೇಡಿಯೇಷನ್, ಜೊತೆಗೆ ಆರು ತಿಂಗಳ ಹಾರ್ಮೋನ್ ಇಂಜೆಕ್ಷನ್ ಅಂತ ತೀರ್ಮಾನವಾಯಿತು. ಸ್ಕ್ಯಾನಿನಲ್ಲಿ ಕಂಡ ದುಗ್ಧ ಗ್ರಂಥಿಗೆ ಸ್ವಲ್ಪ ಜಾಸ್ತಿ ಡೋಸ್. ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಆ ಜಾಗಕ್ಕೆ ಹಾಗೆ ಗುರಿ ಇಡಲು ಆಗುತ್ತಿರಲಿಲ್ಲ. ಮಾರ್ಚ್ ಕೊನೆಗೆ ಶುರುವಾಗಿ ಮೇ ಮಧ್ಯಕ್ಕೆ ಮುಗಿಯಿತು. ಆ ಕಥೆ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಸ್ಕ್ಯಾನಿಗೆ ವಿಮೆ ಸಿಗುವುದಿಲ್ಲ ಅಂತ ಕೌಂಟರಿನಲ್ಲಿ ಹೇಳಿದ್ದರು. ಅದು ಅರ್ಧ ಸತ್ಯ. ನನ್ನ ಪಾಲಿಸಿಯಲ್ಲಿ ಚಿಕಿತ್ಸೆಗೆ ಮುಂಚಿನ 60 ದಿನದ ಖರ್ಚು ಕೊಡುತ್ತೇವೆ ಅಂತ ಇತ್ತು. ಕೆಲವು ಪಾಲಿಸಿಯಲ್ಲಿ 30 ದಿನ ಇರುತ್ತದೆ. ರೇಡಿಯೇಷನ್ ಡೇ ಕೇರ್ ಚಿಕಿತ್ಸೆ ಅಂತ ಒಪ್ಪಿದ ಮೇಲೆ ಪಿಎಸ್‌ಎಂಎ ಬಿಲ್ಲನ್ನೂ ಸೇರಿಸಿದೆವು. ಬಿಲ್ಲಿನಲ್ಲಿ ನನ್ನ ಇನಿಷಿಯಲ್ ಬಿಟ್ಟುಹೋಗಿದೆ ಅಂತ ಒಮ್ಮೆ ವಾಪಸ್ ಕಳಿಸಿದರು. ಸರಿಮಾಡಿಸಿ ಕೊಟ್ಟ ಮೇಲೆ ಬಂತು. ಎಫ್‌ಡಿಜಿಯ ಹದಿಮೂರೂವರೆ ಸಾವಿರ ಮಾತ್ರ ಬರಲಿಲ್ಲ, ದಿನ ಮೀರಿತ್ತು. ಬಿಲ್ ಪಡೆಯುವಾಗಲೇ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿಕೊಳ್ಳಿ. ಡಾಕ್ಟರ ಮೂಲ ಚೀಟಿ ಕಳೆಯಬೇಡಿ.

ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ 75 ಕಡಿಮೆ. ಆಸ್ಪತ್ರೆಯಲ್ಲಿ ಅದಕ್ಕೊಂದು ಫಾರ್ಮ್ ತುಂಬಿ ಸೀಲು ಹಾಕಿ ಕೊಡುತ್ತಾರೆ, ಸ್ಟೇಷನ್ ಕೌಂಟರಿನಲ್ಲಿ ತೋರಿಸಿ ಟಿಕೆಟ್ ತೆಗೆಸಬೇಕು. ನಮಗೆ ಇದು ಗೊತ್ತಾದದ್ದು ನಾಲ್ಕು ಸಲ ಪೂರ್ತಿ ದುಡ್ಡು ಕೊಟ್ಟು ಓಡಾಡಿದ ಮೇಲೆ. ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನ ಅಡಿ ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷದವರೆಗೆ ಕಳೆಯಬಹುದು. ತಜ್ಞ ಡಾಕ್ಟರ ಚೀಟಿ ಬೇಕು, ವಿಮೆಯಿಂದ ಬಂದಷ್ಟು ಅದರಲ್ಲಿ ಕಡಿಮೆಯಾಗುತ್ತದೆ.

ಹೋದ ತಿಂಗಳು ಪಕ್ಕದ ಊರಿನವರೊಬ್ಬರು ನನ್ನ ವಿಷಯ ಕೇಳಿ ಜಗಲಿಗೆ ಬಂದು ಕೂತರು. ನನಗಿಂತ ಎರಡು ವರ್ಷ ದೊಡ್ಡವರು. ಪಿಎಸ್‌ಎ 0.3 ಆಗಿದೆ ಅಂದರು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಬಿಡಿಸಿದರು. ಅದರಲ್ಲೂ 'ಪೆಟ್ ಸಿಟಿ' ಅಂತ ಅಷ್ಟೇ ಇತ್ತು. ಅಲ್ಲೇ ಕೂತು ಅವರ ಡಾಕ್ಟರಿಗೆ ಫೋನ್ ಮಾಡಿಸಿದೆ. ಪಿಎಸ್‌ಎಂಎ ಅಂತ ಸೇರಿಸಿ ಹೊಸ ಚೀಟಿಯ ಫೋಟೋ ವಾಟ್ಸಾಪಿಗೆ ಬಂತು.

ಜುಲೈ ಕೊನೆಯಲ್ಲಿ ನನ್ನ ರಕ್ತ ಕೊಟ್ಟು ಬಂದೆ. 0.01ಕ್ಕಿಂತ ಕಡಿಮೆ. ಇದು ಇಂಜೆಕ್ಷನ್ ಪ್ರಭಾವ ಇರುವಾಗಿನ ಸಂಖ್ಯೆ, ಅದು ಇಳಿದ ಮೇಲೆ ಬರುವುದೇ ನಿಜವಾದ ಲೆಕ್ಕ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಆದರೂ ಅವತ್ತು ಮನೆಯಲ್ಲಿ ಪಾಯಸ ಆಯಿತು. ಮುಂದಿನ ರಕ್ತ ಪರೀಕ್ಷೆ ಅಕ್ಟೋಬರ್ ಎರಡನೆಯ ವಾರ. ಕೊನೆ ತೆಗೆಯುವವರು ಅದೇ ವಾರ ಬರುತ್ತೇವೆ ಅಂದಿದ್ದರು. ನನ್ನ ಹೆಂಡತಿ ಅವರಿಗೆ ಫೋನ್ ಮಾಡಿ ಹತ್ತು ದಿನ ಮುಂದಕ್ಕೆ ಹಾಕಿಸಿದ್ದಾಳೆ.